ಮನೆಮಾತಿನ ಮಹಾವಿದ್ವಾಂಸ ಎ. ಕೆ. ರಾಮಾನುಜನ್

ಪಾಂಡಿತ್ಯವಿರುವುದು ಗ್ರಂಥಗಳಲ್ಲಿ, ಅಜ್ಜಿಯ ಕಥೆಯೇನಿದ್ದರೂ ಮಕ್ಕಳನ್ನು ಮಲಗಿಸುವುದಕ್ಕೆ ಎಂಬ ಎಣಿಕೆ ವಿದ್ಯಾವಂತರಲ್ಲಿ ಬಹುಕಾಲ ಬೇರೂರಿತ್ತು. ಆ ಎಣಿಕೆಯನ್ನು ತಮ್ಮ ಜೀವಮಾನದ ದುಡಿಮೆಯಿಂದ ಅಲುಗಿಸಿದವರಲ್ಲಿ ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಅಗ್ರಗಣ್ಯರು.

ಅವರು 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯೊಳಗೆ ತಮಿಳು, ತಂದೆಯ ಓದುಕೋಣೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕನ್ನಡ; ಹೀಗೆ ಮೂರು ಭಾಷೆಗಳ ನಡುವೆ ಬಾಲಕನು ಬೆಳೆದನು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದಾಗಲೇ ಅವರು ಉತ್ತರ ಕರ್ನಾಟಕದ ಜನರ ಬಾಯಿಂದ ಕಥೆಗಳನ್ನೂ ಗಾದೆಗಳನ್ನೂ ಸಂಗ್ರಹಿಸತೊಡಗಿದರು. ಅವರ ಗಾದೆಗಳ ಪುಸ್ತಕವು 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಕಲಿತು, 1959ರಲ್ಲಿ ಅಮೆರಿಕೆಗೆ ತೆರಳಿ, ಇಂಡಿಯಾನಾ ವಿಶ್ವವಿದ್ಯಾಲಯದಿಂದ 1963ರಲ್ಲಿ ಡಾಕ್ಟರೇಟ್ ಪಡೆದರು. 1962ರಿಂದ ಕೊನೆಯವರೆಗೂ ಷಿಕಾಗೋ ವಿಶ್ವವಿದ್ಯಾಲಯವೇ ಅವರ ಕರ್ಮಭೂಮಿಯಾಯಿತು.

ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ವಚನಗಳನ್ನು ಇಂಗ್ಲಿಷಿಗೆ ತಂದ ಅವರ ಕೃತಿಯು 1973ರಲ್ಲಿ ಹೊರಬಂದು ಶರಣರ ನುಡಿಯನ್ನು ಪ್ರಪಂಚದ ಓದುಗರಿಗೆ ತಲುಪಿಸಿತು. ಆಡುನುಡಿಯಲ್ಲಿಯೇ ಅನುಭಾವವನ್ನು ಕಂಡ ವಚನಕಾರರಿಗೆ ಮನಸೋತ ಈ ವಿದ್ವಾಂಸರು, ಮನೆಮಾತಿನ ಕಥೆಗಳಲ್ಲಿಯೂ ಅಂಥದೇ ಘನತೆಯನ್ನು ಗುರುತಿಸಿದುದು ಸಹಜವೇ ಆಗಿದೆ. ಪ್ರಾಚೀನ ತಮಿಳು ಕಾವ್ಯದ ಅಗಂ, ಪುರಂ ಎಂಬ ವಿಭಾಗವನ್ನು ಅವರು ಕನ್ನಡ ಜಾನಪದಕ್ಕೆ ಅನ್ವಯಿಸಿದರು. ಮನೆಯೊಳಗೆ ಹೆಂಗಸರು ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿರದು; ಹೊರಗೆ ವೃತ್ತಿಗಾಯಕರು ಹಾಡುವ ಕಥನಗಳಲ್ಲಿ ವ್ಯಕ್ತಿಗೂ ಊರಿಗೂ ಹೆಸರುಂಟು. ಇವೆರಡೂ ಒಂದೇ ಸಂಸ್ಕೃತಿಯ ಎರಡು ಮುಖಗಳೆಂದು ಅವರು ತೋರಿಸಿಕೊಟ್ಟರು.

1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಗೌರವ ಅವರನ್ನು ಅರಸಿ ಬಂದುವು. 22 ಭಾಷೆಗಳಿಂದ ಆಯ್ದ ಭಾರತೀಯ ಜನಪದ ಕಥೆಗಳ ಸಂಪುಟವನ್ನು 1991ರಲ್ಲಿ ಪ್ರಕಟಿಸಿದರು. ಆದರೆ ಬೆಳಗಾವಿಯ ದಿನಗಳಿಂದ ಕೂಡಿಟ್ಟ ಕನ್ನಡ ಕಥೆಗಳದೇ ಸಂಪುಟವನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1993ರ ಜುಲೈ 13ರಂದು ಷಿಕಾಗೋದಲ್ಲಿ ಅವರು ನಿಧನರಾದರು. ಆ ಕಥೆಗಳು 1997ರಲ್ಲಿ ಸ್ನೇಹಿತರಾದ ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡೆಸ್ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡುವು.

ಅವರು ಸಂಗ್ರಹಿಸಿದ ಕಥೆಯೊಂದರಲ್ಲಿ, ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದು, ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಹೊರಬಿದ್ದು ಒಂದು ಜೋಡು, ಒಂದು ಅಂಗಿಯಾಗಿ, ಗಂಡನಲ್ಲಿ ಶಂಕೆ ಹುಟ್ಟಿಸುತ್ತವೆ. ಕೊನೆಗೆ ನಿಜ ತಿಳಿದು ಅವನು ಕೇಳುವ ಹೊತ್ತಿಗೆ, ಆಕೆಗೆ ಎರಡೂ ಮರೆತುಹೋಗಿರುತ್ತವೆ.

ಹಳ್ಳಿಯಾಗಿದ್ದ ಹುಳಿಮಾವು ಇಂದು ಬೆಂಗಳೂರು ಮಹಾನಗರದೊಳಗೆ ಸೇರಿಹೋಗಿದೆ. ನಾಡಿನ ನಾನಾ ಮೂಲೆಗಳಿಂದ ಬಂದು ನೆಲೆಸಿದ ಇಲ್ಲಿಯ ಮನೆಗಳ ಹಿರಿಯರೊಡನೆ ಎಷ್ಟೋ ಕಥೆಗಳೂ ಬಂದಿವೆ. ಮಕ್ಕಳು ಅವನ್ನು ಕೇಳಿ ಬರೆದು ತರುವಂತೆ ಗುರುಗಳು ಪ್ರೇರೇಪಿಸುವುದಾದರೆ, ಅದೇ ಈ ವಿದ್ವಾಂಸರಿಗೆ ಸಲ್ಲುವ ನಿಜವಾದ ಗೌರವ. ಹೇಳುವವರಿದ್ದಾಗಲೇ ಕೇಳುವುದು ಲೇಸು.