ಮುತ್ತು ಬೆಳೆದ ನೂಡಲ್ಸ್ ಅಂಗಡಿಯ ಹುಡುಗ

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಹನಿಗೆ ಕಾಯದೆ ಕಡಲಲ್ಲೇ ಮುತ್ತಿನ ಬೇಸಾಯ ಮಾಡಿದವರು ಜಪಾನಿನ ಕೊಕಿಚಿ ಮಿಕಿಮೊಟೊ. ಓದು ಬಿಟ್ಟು ಕೋಟ್ಯಧೀಶರಾದವರ ಕತೆಗಳು ನಮ್ಮ ಹಾಸ್ಟೆಲ್‌ನಲ್ಲಿ ದಿನವೂ ಹರಿದಾಡುತ್ತವೆ. ಮಿಕಿಮೊಟೊ ಕೂಡ ಹೆಚ್ಚು ಓದಿದವರಲ್ಲ. ಆದರೂ ಬಿ.ಇ. ಓದುತ್ತಿರುವ ನನಗೆ ಅವರ ಬದುಕು ಬೇರೆಯದೇ ಪಾಠ ಹೇಳಿತು.

ಅವರು ಹುಟ್ಟಿದ್ದು 1858ರಲ್ಲಿ, ತೊಬಾ ಎಂಬ ಕಡಲತೀರದ ಊರಿನಲ್ಲಿ. ತಂದೆಯದು ನೂಡಲ್ಸ್ ಅಂಗಡಿ. ಹಿರಿಯ ಮಗನಾದ ಅವರು ಎಳೆಯ ವಯಸ್ಸಿನಲ್ಲೇ ತರಕಾರಿ ಮಾರಿ ಮನೆಗೆ ಹೆಗಲು ಕೊಟ್ಟರು. ಅಲ್ಲಿನ ಕಡಲಲ್ಲಿ ಸಿಗುತ್ತಿದ್ದ ಅಕೋಯ ಮುತ್ತಿನ ಚಿಪ್ಪುಗಳು ಮಿತಿಮೀರಿದ ಬೇಟೆಯಿಂದ ಕಡಿಮೆಯಾಗುತ್ತಿದ್ದವು. 1888ರಲ್ಲಿ ಅವರು ಅಗೊ ಕೊಲ್ಲಿಯಲ್ಲಿ ಚಿಪ್ಪು ಸಾಕಲು ಶುರುಮಾಡಿದರು.

ಸಾಕಿದರೆ ಸಾಲದು, ಮುತ್ತು ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕಿತ್ತು. 1890ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಕಾಕಿಚಿ ಮಿತ್ಸುಕುರಿ ಅವರನ್ನು ಕಂಡರು. ಹೊರಗಿನ ವಸ್ತುವೊಂದನ್ನು ಚಿಪ್ಪಿನೊಳಗೆ ಇಟ್ಟು ಮುತ್ತು ಪಡೆಯಲು ಸಾಧ್ಯವಿದೆ ಎಂದು ಅವರಿಂದ ತಿಳಿದು, ಪ್ರಯೋಗಕ್ಕೆ ಇಳಿದರು.

1892ರಲ್ಲಿ ಸೂಕ್ಷ್ಮ ಪಾಚಿ ವಿಪರೀತ ಬೆಳೆದು ಕಡಲು ಕೆಂಪಾಯಿತು. ಅಗೊ ಕೊಲ್ಲಿಯ ಚಿಪ್ಪುಗಳು ಸತ್ತವು. ತೊಬಾದ ದ್ವೀಪವೊಂದರ ಬಳಿ ಇಟ್ಟಿದ್ದವು ಮಾತ್ರ ಉಳಿದವು. 1893ರ ಜುಲೈ 11ರಂದು ಹೆಂಡತಿ ಉಮೆ ಜೊತೆ ಅವುಗಳನ್ನು ತೆರೆದಾಗ ಒಳಗೆ ಅರ್ಧಗೋಳದ ಮುತ್ತು ಸಿಕ್ಕಿತು. 1896ರಲ್ಲಿ ಪೇಟೆಂಟ್ ಬಂತು. ಅದೇ ವರ್ಷ ಉಮೆ ತೀರಿಕೊಂಡರು. 1905ರಲ್ಲಿ ಮತ್ತೆ ಕೆಂಪು ನೀರು ಬಂದು ಲಕ್ಷಾಂತರ ಚಿಪ್ಪುಗಳನ್ನು ಕೊಂದಿತು. ಆ ಸತ್ತ ರಾಶಿಯಲ್ಲೇ ಅವರಿಗೆ ಕೆಲವು ದುಂಡು ಮುತ್ತುಗಳು ದೊರೆತವು.

ಇಂದಿಗೂ ಬಳಕೆಯಲ್ಲಿರುವ ದುಂಡು ಮುತ್ತಿನ ವಿಧಾನ ಮಾತ್ರ ಅವರದಲ್ಲ. ಅದು ತಾತ್ಸುಹೆ ಮಿಸೆ ಮತ್ತು ಮಿಕಿಮೊಟೊ ಅವರ ಅಳಿಯ, ಪ್ರಾಣಿವಿಜ್ಞಾನಿ ತೊಕಿಚಿ ನಿಶಿಕಾವಾ ಅವರ ಹೆಸರಿನಲ್ಲಿದೆ. ಚಿಪ್ಪಿನ ಒಳಮೈಗೆ ಹೊಳಪಿನ ಲೇಪ ಕೊಡುವುದು ಮ್ಯಾಂಟಲ್ ಎಂಬ ತೆಳು ಪದರ. ಒಂದು ಚಿಪ್ಪಿನಿಂದ ಅದರ ಚೂರನ್ನು ಕತ್ತರಿಸಿ, ಚಿಕ್ಕ ಮಣಿಯ ಜೊತೆ ಇನ್ನೊಂದು ಚಿಪ್ಪಿನ ಜೀವಿಯ ದೇಹದಲ್ಲಿ ಇಡುತ್ತಾರೆ. ಚೂರು ಬೆಳೆದು ಮಣಿಯ ಸುತ್ತ ಚೀಲವಾಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟನ್ನು ಪದರ ಪದರವಾಗಿ ಹೊದಿಸುತ್ತಾ ಹೋಗುತ್ತದೆ. ಮುತ್ತಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಸಾಕಿದ ಮುತ್ತು ನಕಲಿ ಎಂದು ಯುರೋಪಿನ ವ್ಯಾಪಾರಿಗಳು ಕೂಗೆಬ್ಬಿಸಿದರು. ಪ್ಯಾರಿಸ್‌ನಲ್ಲಿ ವಿಷಯ ಕೋರ್ಟ್ ಮೆಟ್ಟಿಲೇರಿ, 1924ರಲ್ಲಿ ಮಿಕಿಮೊಟೊ ಗೆದ್ದರು. ಅಗ್ಗದ ಮುತ್ತು ಮಾರುಕಟ್ಟೆ ತುಂಬಿದಾಗ, 1932ರಲ್ಲಿ ಕೊಬೆ ನಗರದಲ್ಲಿ ಕಳಪೆ ಮುತ್ತುಗಳನ್ನು ಎಲ್ಲರೆದುರು ಸುಟ್ಟರು. 1954ರಲ್ಲಿ, 96ನೇ ವಯಸ್ಸಿನಲ್ಲಿ ನಿಧನರಾದರು.

ಕಷ್ಟಪಟ್ಟವರು ಮುತ್ತಿನಂತೆ ಹೊಳೆಯುತ್ತಾರೆ ಎಂದು ನಮಗೆ ಹೇಳುವವರು ಬಹಳ. ಅದು ಅರ್ಧ ಸತ್ಯ ಎಂದು ಈಗ ಅನಿಸುತ್ತದೆ. ಬರೀ ಮಣಿ ಇಟ್ಟರೆ ಮುತ್ತಾಗದು, ಸುತ್ತ ಜೀವಂತ ಮ್ಯಾಂಟಲ್ ಬೇಕು. ಕಷ್ಟವೊಂದೇ ಸಾಕಾಗಿದ್ದರೆ ಮಿಕಿಮೊಟೊ ಪ್ರೊಫೆಸರರ ಬಳಿ ಹೋಗಬೇಕಿರಲಿಲ್ಲ. ಕೆಲಸ ಹುಡುಕುವ ನಮಗೂ ಅಷ್ಟೇ. ಸೋಲು ಹೇಗೂ ಬರುತ್ತದೆ, ತಿಳಿದವರನ್ನು ಕೇಳಿ ಕಲಿಯುವ ಕೆಲಸ ನಮ್ಮದು.