ಖಾಶಾಬಾ ಜಾಧವ: ಐದು ಕಿಲೋ ಮೇಲಿನ ಕುಸ್ತಿ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮ್ಮ ಮನೆಗಳ ಹುಡುಗರು ತಾಲೀಮಿಗೆ ಹೋಗುವುದು ಹೊಸದಲ್ಲ. ಈಚೆಗೆ ಕೆಲವರು ಬಾಕ್ಸಿಂಗ್‌ಗೂ ಹೋಗುತ್ತಾರೆ. ತೂಕ ಏರಿಸಿ ಮೇಲಿನ ವಿಭಾಗದಲ್ಲಿ ಆಡಲೇ ಎಂಬ ಪ್ರಶ್ನೆ ಅವರಿಗೆ ಒಂದಿಲ್ಲೊಂದು ದಿನ ಬರುತ್ತದೆ. ಅದಕ್ಕಾಗಿ ಈ ಸಲ ಖಾಶಾಬಾ ದಾದಾಸಾಹೇಬ ಜಾಧವರನ್ನು ನೆನೆಯುತ್ತಿದ್ದೇವೆ.

ಅವರು ಹುಟ್ಟಿದ್ದು 1926ರ ಜನವರಿ 15ರಂದು, ಕರಾಡ ಹತ್ತಿರದ ಗೋಳೇಶ್ವರದಲ್ಲಿ. ತಂದೆಯೂ ಪೈಲವಾನರು. ಕಾಲೇಜಿಗೆಂದು ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಬಂದರು. ಮೈಕಟ್ಟು ಸಣ್ಣದು, ಆದರೆ ಚುರುಕು ಬಹಳ. ಢಾಕ ಪಟ್ಟು ಹಾಕಿದರೆ ಎದುರಾಳಿ ಬಿಡಿಸಿಕೊಳ್ಳುವುದು ಕಷ್ಟವಾಗಿತ್ತು.

1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಆಡಿದ್ದು 52 ಕಿಲೋ ವಿಭಾಗದಲ್ಲಿ. ಕೆಂಪು ಮಣ್ಣಿನಲ್ಲಿ ಬೆಳೆದವರಿಗೆ ಮ್ಯಾಟ್ ಹೊಸದು, ನಿಯಮಗಳೂ ಹೊಸವು. ಆದರೂ ಆರನೆಯ ಸ್ಥಾನ ಬಂತು.

ಮುಂದಿನ ಸಲ ಅವರು ಆರಿಸಿಕೊಂಡದ್ದು 57 ಕಿಲೋ. ಐದೇ ಕಿಲೋ ಎಂದು ನಮಗೆ ಅನ್ನಿಸಬಹುದು. 52 ಕಿಲೋದವನಿಗೆ ಅದು ಮೈತೂಕದ ಹತ್ತರಲ್ಲೊಂದು ಪಾಲು. ಬರಿಯ ಕೊಬ್ಬು ಏರಿದರೆ ಚುರುಕು ಹೋಗುತ್ತದೆ, ದಮ್ಮು ಬೇಗ ಮುಗಿಯುತ್ತದೆ. ಎದುರಿಗೆ ನಿಲ್ಲುವವನೋ ಆ ತೂಕದಲ್ಲೇ ಪಳಗಿದವನು, ಎಷ್ಟೋ ಸಲ ಇನ್ನೂ ಭಾರದಿಂದ ಇಳಿದು ಬಂದವನು. ಅವನ ಭಾರ ಹೊರುವ ಹೊತ್ತಿಗೆ ಕುತ್ತಿಗೆ, ಭುಜ, ಮೊಣಕಾಲು ಸೋಲುತ್ತವೆ. ಬಾಕ್ಸಿಂಗ್‌ನಲ್ಲಿ ಅಪಾಯ ಇನ್ನೂ ಹೆಚ್ಚು. ಮೈ ಬೆಳೆಸಬಹುದು, ಏಟು ತಡೆಯುವ ದವಡೆಯನ್ನು ಬೆಳೆಸಲಾಗದು. ಅಮೀರ್ ಖಾನ್ 2016ರಲ್ಲಿ ತಮ್ಮ ವಿಭಾಗ ಬಿಟ್ಟು ಬಹಳ ಮೇಲಕ್ಕೆ ಹಾರಿ ಕನೆಲೊ ಅಲ್ವಾರೆಜ್ ಎದುರು ನಿಂತರು. ಮೊದಲ ಸುತ್ತುಗಳಲ್ಲಿ ಚುರುಕಾಗಿಯೇ ಆಡಿದರು. ಆರನೆಯ ಸುತ್ತಿನಲ್ಲಿ ಒಂದೇ ಏಟಿಗೆ ಪ್ರಜ್ಞೆ ತಪ್ಪಿ ಬಿದ್ದರು.

ಜಾಧವರಿಗೆ ಸಿಕ್ಕದ್ದು ನಾಲ್ಕು ವರ್ಷ. ನಮ್ಮ ಮಟ್ಟಿಗೆ ಇದೇ ಮುಖ್ಯ ಸಂಗತಿ. ಆ ಐದು ಕಿಲೋವನ್ನು ಅವರು ತಾಲೀಮಿನಲ್ಲಿ ದುಡಿದು ಗಳಿಸಿದರು, ಚುರುಕನ್ನು ಕಳೆದುಕೊಳ್ಳಲಿಲ್ಲ.

ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೀಕರರು ತಮ್ಮ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಇಂಥ ಗುರುಗಳು ಎಷ್ಟು ಮಂದಿ ಸಿಕ್ಕಾರು! ಊರವರೂ ಕೈಲಾದದ್ದು ಕೂಡಿಸಿದರು.

ಅಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯ ಕುಸ್ತಿಪಟುಗಳನ್ನು ಸೋಲಿಸಿದರು. ಜಪಾನಿನ ಶೋಹಾಚಿ ಇಶೀ ಜೊತೆಗಿನ ಕುಸ್ತಿ ಬಹಳ ಹೊತ್ತು ನಡೆದು, ಕೊನೆಗೆ ಕೂದಲೆಳೆಯಲ್ಲಿ ಸೋತರು. ಬೆವರು ಆರುವ ಮೊದಲೇ ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೋವ್ ಜೊತೆ ಕಣಕ್ಕಿಳಿಯುವಂತೆ ಹೇಳಲಾಯಿತು. ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂಬುದು ನಿಯಮ. ಅದನ್ನು ಕೇಳಿ ಪಡೆಯಲು ಭಾರತದ ಅಧಿಕಾರಿ ಯಾರೂ ಅಲ್ಲಿರಲಿಲ್ಲ. ಮೇಲಿನ ತೂಕದಲ್ಲಿ ಆಡಿದವನ ಮೈ ಹೆಚ್ಚು ದಣಿದಿರುತ್ತದೆ. ಆ ಅರ್ಧ ತಾಸು ಸಿಕ್ಕಿದ್ದರೆ ಪದಕದ ಬಣ್ಣ ಬೇರೆಯಾಗುತ್ತಿತ್ತೆಂದು ನಮಗೆ ಅನಿಸುತ್ತದೆ. ಇಶೀಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, 26ರ ಜಾಧವರಿಗೆ ಕಂಚು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಎರಡನೆಯದಕ್ಕೆ 1996ರವರೆಗೆ, ಲಿಯಾಂಡರ್ ಪೇಸ್ ಬರುವವರೆಗೆ ಕಾಯಬೇಕಾಯಿತು. ಅದೇ ಹೆಲ್ಸಿಂಕಿಯಲ್ಲಿ ಕೊಲ್ಹಾಪುರದ ಕೆ. ಡಿ. ಮಾಣಗಾವೆ ಅವರು 62 ಕಿಲೋ ವಿಭಾಗದಲ್ಲಿ ನಾಲ್ಕನೆಯವರಾದದ್ದನ್ನು ನಾವು ಮರೆತೇಬಿಟ್ಟಿದ್ದೇವೆ.

ಊರಿಗೆ ಬಂದಾಗ ಕರಾಡ ಸ್ಟೇಷನ್ನಿನಿಂದ ನೂರಕ್ಕೂ ಹೆಚ್ಚು ಎತ್ತಿನ ಬಂಡಿಗಳ ಮೆರವಣಿಗೆ. ಅದು ಮುಗಿದ ಮೇಲೆ ಜಾಧವರು ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಖರ್ಡೀಕರರ ಮನೆಯ ಒತ್ತೆ ಬಿಡಿಸಿಕೊಟ್ಟರು.

1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. ಮೊಣಕಾಲಿನ ಪೆಟ್ಟಿನಿಂದ 1956ರ ಮೆಲ್ಬರ್ನ್ ತಪ್ಪಿತು. ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು, ಪಿಂಚಣಿಗಾಗಿ ಅಲೆದರು. ಬದುಕಿದ್ದಾಗ ಪದ್ಮ ಪ್ರಶಸ್ತಿ ಬರಲಿಲ್ಲ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಆಮೇಲೆ, 2000ನೇ ಸಾಲಿನದು.

— ಕಾರ್ಯದರ್ಶಿ