ಮೆಕೆಂಜಿ ಹೆಸರಿನ ಹಿಂದೆ ಯಾರಿದ್ದರು?

ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದ್ ಕಡೆ ಹೊರಟರೆ, ಚಿತ್ತಾಪುರ ದಾಟಿ ಸೇಡಂ ಬರೋಕೆ ಮುಂಚೆ ಮಳಖೇಡ ರೋಡ್ ಸಿಗುತ್ತೆ. ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಅದನ್ನು ಬರೆದದ್ದು ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಅಂತ ನಮ್ಮ ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದ್ದಾರೆ. ಅಧಿಕಾರ ಇದ್ದವನ ಹೆಸರು ಪುಸ್ತಕದ ಮೇಲೆ ಸಲೀಸಾಗಿ ಕೂರುತ್ತೆ. ಬರೆದವನ ಹೆಸರಿಗೆ ಮಾತ್ರ ಪುರಾವೆ ಕೊಡಬೇಕು.

ಹದಿನೆಂಟನೇ ಶತಮಾನದ ಹೊತ್ತಿಗೆ ಈ ಸೀಮೆ ನಿಜಾಮನ ಕೈಯಲ್ಲಿತ್ತು. 1790ರ ದಶಕದಲ್ಲಿ ನಿಜಾಮನ ರಾಜ್ಯದ ಸರ್ವೆಗೆ ಈಸ್ಟ್ ಇಂಡಿಯಾ ಕಂಪನಿ ನೇಮಿಸಿದ ಎಂಜಿನಿಯರ್ ಕಾಲಿನ್ ಮೆಕೆಂಜಿ. ಬರೆದವನು ಯಾರು ಅನ್ನೋ ಅದೇ ಪ್ರಶ್ನೆ ಈತನ ಬದುಕಿನಲ್ಲೂ ಬರುತ್ತೆ.

1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಮೆಕೆಂಜಿ ಊರಲ್ಲಿ ಸುಂಕದ ಕಚೇರಿಯ ನೌಕರ. 1783ರಲ್ಲಿ ಮದ್ರಾಸಿಗೆ ಬಂದ. ಯುದ್ಧ, ಕೋಟೆ, ನಕ್ಷೆ ಅಂತ ಓಡಾಡಿದ. ಹಳೆಯ ಶಾಸನ, ಓಲೆಗರಿ ಅಂದ್ರೆ ಹುಚ್ಚು. ಆದರೆ ಇಲ್ಲಿನ ಭಾಷೆಗಳು ಬರ್ತಿರಲಿಲ್ಲ, ಅದನ್ನು ಆತನೇ ಒಪ್ಪಿಕೊಂಡಿದ್ದ. ಆ ಕೊರತೆ ತುಂಬಿದವನು ಏಲೂರಿನ ಯುವಕ ಕಾವಲಿ ವೆಂಕಟ ಬೋರಯ್ಯ. ಮುಂದೆ ಆತನ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಬಂದರು. ಹಳಗನ್ನಡ ಓದಬಲ್ಲ ಜೈನ ಪಂಡಿತ, ಮಲೆಯೂರಿನ ಧರ್ಮಯ್ಯನೂ ಸೇರಿಕೊಂಡ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನ ಸರ್ವೆ ಶುರುವಾಯಿತು. ಸುಮಾರು 40,000 ಚದರ ಮೈಲಿ ನೆಲ. ಅಳೆಯುವವರು ನೆಲ ಅಳೆದರೆ, ಈ ಸಹಾಯಕರು ಊರೂರಿಗೆ ಹೋಗಿ ಶಾನುಭೋಗರ ಎದುರು ಕೂತು ಕೇಳುತ್ತಿದ್ದರು: ಗುಡಿ ಕಟ್ಟಿಸಿದ್ದು ಯಾರು, ಇಲ್ಲಿ ಯಾವ ಪಾಳೆಗಾರ ಆಳಿದ, ಉಂಬಳಿ ಯಾರಿಗೆ? ಹಾಗೆ ಬರೆಸಿಕೊಂಡ ಊರ ಕಥೆಗಳೇ ಕೈಫಿಯತ್ತುಗಳು. ಹೊಸ ಸರ್ಕಾರದವರು ಲೆಕ್ಕ ಕೇಳಿದರೆ ಜನ ಅನುಮಾನ ಪಡದೇ ಇರ್ತಾರಾ? ಪಡಬೇಕಾದದ್ದೇ. ಕಂದಾಯಕ್ಕೂ ಸೈನ್ಯಕ್ಕೂ ಆ ನಕ್ಷೆ ಬೇಕಿತ್ತು. (ಇನ್ನೊಂದು ಮಾತು: ಕೇಳುವವರೂ ಹೇಳುವವರೂ ಬಹುಪಾಲು ಮೇಲ್ಜಾತಿಯ ಅಕ್ಷರಸ್ಥರು. ಸರ್ವೆಯ ಸರಪಳಿ ಎಳೆದ ಕೂಲಿಯವರನ್ನು ಕಥೆ ಕೇಳಿದವರು ಕಡಿಮೆ.)

ಬೋರಯ್ಯ 1803ರಲ್ಲಿ ತೀರಿಕೊಂಡ. ಮೂವತ್ತೂ ಆಗಿರಲಿಲ್ಲ. ಜೈನರ ಬಗೆಗಿನ ಒಂದು ಲೇಖನ 1807ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಅಚ್ಚಾಯಿತು. ತಲೆಬರಹದಲ್ಲಿ ಬೋರಯ್ಯನ ಹೆಸರಿದೆ, ಮೆಕೆಂಜಿಗಾಗಿ ಅನುವಾದಿಸಿದವನು ಅಂತ. ಮಾಹಿತಿ ಕೊಟ್ಟ ಜೈನ ಪುರೋಹಿತನಿಗೆ ಅಲ್ಲಿ ಹೆಸರೇ ಇಲ್ಲ. ಕನ್ನಡದ ನೆಲದ ಸಂಗತಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಕನ್ನಡ ಪುಸ್ತಕಗಳ ಅಚ್ಚೇ ಶುರುವಾಗಿರಲಿಲ್ಲ. ಕನ್ನಡ ಅಕ್ಷರ ಇರುವ ವಿಲಿಯಂ ಕೇರಿಯ ವ್ಯಾಕರಣ ಸೆರಾಂಪುರದಿಂದ ಬಂದದ್ದು 1817ರಲ್ಲಿ.

ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಥಾಮಸ್ ಹಿಕ್ಕಿ ಬರೆದ ಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿ, ಜತೆಗೆ ಮೂವರು ಭಾರತೀಯರು, ದೂರದಲ್ಲಿ ಶ್ರವಣಬೆಳಗೊಳದ ಗೊಮ್ಮಟ. ಒಬ್ಬನೇ ನಿಂತು ಚಿತ್ರ ಬರೆಸಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ತನ್ನ ಕೆಲಸಕ್ಕೆ ಬೋರಯ್ಯನೇ ದಾರಿ ತೋರಿಸಿದ ಅಂತ ಪತ್ರದಲ್ಲೂ ಬರೆದಿದ್ದಾನೆ. ಹಾಗಾಗಿ ಎಲ್ಲ ತಪ್ಪನ್ನೂ ಆತನ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ.

1821ರ ಮೇ 8ರಂದು ಆತ ಸತ್ತಾಗ ಮಹಾಗ್ರಂಥ ಯಾವುದೂ ಬರೆದಿರಲಿಲ್ಲ. 1,568 ಹಸ್ತಪ್ರತಿ, 8,076 ಶಾಸನಗಳ ಪ್ರತಿ, 6,218 ನಾಣ್ಯ ಉಳಿದಿದ್ದವು. ವಿಧವೆಯಿಂದ ಕಂಪನಿ ಅದನ್ನು 10,000 ಪೌಂಡಿಗೆ ಕೊಂಡಿತು. 1828ರಲ್ಲಿ ಎಚ್.ಎಚ್. ವಿಲ್ಸನ್ ವಿವರಪಟ್ಟಿ ಅಚ್ಚು ಹಾಕಿಸಿದ. ಮರುವರ್ಷವೇ ರಾಮಸ್ವಾಮಿ ದಖ್ಖನಿನ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ತನ್ನ ಹೆಸರಲ್ಲೇ ಪ್ರಕಟಿಸಿದ.

ಲಕ್ಷ್ಮಯ್ಯನಿಗೆ ಆ ಅದೃಷ್ಟ ಇರಲಿಲ್ಲ. ನಿಂತ ಕೆಲಸವನ್ನು ಮುಂದುವರಿಸ್ತೀನಿ ಅಂತ ಅರ್ಜಿ ಹಾಕಿದ. 1836ರಲ್ಲಿ ಏಷಿಯಾಟಿಕ್ ಸೊಸೈಟಿಯ ಜೇಮ್ಸ್ ಪ್ರಿನ್ಸೆಪ್, ಮುಂದೆ ಅಶೋಕನ ಬ್ರಾಹ್ಮಿ ಲಿಪಿ ಓದಿ ಹೆಸರಾದವನು, ಈ ಭಾರತೀಯನಿಗೆ ಅಷ್ಟು ಸಾಮರ್ಥ್ಯ ಇಲ್ಲ ಎಂಬ ಅಭಿಪ್ರಾಯ ಕೊಟ್ಟ. ದಶಕಗಳ ಕಾಲ ಸಂಗ್ರಹವನ್ನೇ ಕಟ್ಟಿದವನಿಗೆ! ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು.

ಕನ್ನಡದ ಕೈಫಿಯತ್ತುಗಳನ್ನು ಕೊನೆಗೆ ಎಂ.ಎಂ. ಕಲಬುರ್ಗಿ ಸಂಪಾದಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿತು. ಆ ಹೊತ್ತಿಗೆ ಲಕ್ಷ್ಮಯ್ಯನ ಅರ್ಜಿ ತಿರಸ್ಕಾರವಾಗಿ ನೂರೈವತ್ತು ವರ್ಷ ದಾಟಿತ್ತು.